ಫಿಲಂ ಕ್ಯಾಮೆರಾಗೆ ಕೇಸ್ ಬೇಕಾ? ಕೈಯಲ್ಲಿ, ದಾರಿಯಲ್ಲಿ, ಕಪಾಟಿನಲ್ಲಿ

ಹಳೆಯ ಫಿಲಂ ಕ್ಯಾಮೆರಾ ಕೊಂಡರೆ ಬಹಳ ಸಲ ಅದರ ಜೊತೆ ಕಂದು ಬಣ್ಣದ ತೊಗಲಿನ ಕೇಸೂ ಬರುತ್ತದೆ. ಕೆಲವರು ಅದನ್ನು ಕ್ಯಾಮೆರಾದಿಂದ ಬಿಡಿಸುವುದೇ ಇಲ್ಲ. ಇನ್ನು ಕೆಲವರು ಮೊದಲ ದಿನವೇ ಮೂಲೆಗೆ ಎಸೆಯುತ್ತಾರೆ. ಇಬ್ಬರೂ ಅರ್ಧ ಸರಿ. ಕ್ಯಾಮೆರಾ ಯಾವಾಗಲೂ ಒಂದೇ ಕಡೆ ಇರುವುದಿಲ್ಲ, ಅಲ್ವಾ? ಫೋಟೋ ತೆಗೆಯುವಾಗ ಕೈಯಲ್ಲಿ, ಓಡಾಡುವಾಗ ಬ್ಯಾಗಿನಲ್ಲಿ, ಉಳಿದ ಹೊತ್ತೆಲ್ಲ ಕಪಾಟಿನಲ್ಲಿ. ಈ ಮೂರು ಕಡೆಯೂ ಅದು ಕೆಡುವ ರೀತಿ ಬೇರೆ ಬೇರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದಾರಿಯಲ್ಲಿ ಏನಾದರೊಂದು ಹೊದಿಕೆ ಇರಲಿ. ಕೈಯಲ್ಲಿ ಹಿಡಿದಾಗ ಕೇಸ್ ಇರಬೇಕಾ ಅನ್ನುವುದು ನಿಮ್ಮಿಷ್ಟ. ಕಪಾಟಿನಲ್ಲಿ ಮಾತ್ರ ತೊಗಲಿನ ಕೇಸ್ ಬೇಡವೇ ಬೇಡ. ಯಾಕೆ, ಯಾವ ಕ್ಯಾಮೆರಾಗೆ ಯಾವುದು ಅಂತ ಒಂದೊಂದಾಗಿ ನೋಡೋಣ.

ನಿಮ್ಮ ಹತ್ತಿರ ಇರುವ ಕೇಸ್ ಯಾವ ಥರದ್ದು?

ಹಳೆಯ ಕ್ಯಾಮೆರಾಗಳ ಜೊತೆ ಬರುತ್ತಿದ್ದದ್ದು ಹೆಚ್ಚಾಗಿ ಎವರ್‌ರೆಡಿ ಕೇಸ್. ಗಟ್ಟಿ ತೊಗಲಿನದು, ಎರಡು ಭಾಗ ಇರುತ್ತದೆ. ಕೆಳಗಿನ ಭಾಗ ಟ್ರೈಪಾಡ್ ತೂತಿಗೆ ಒಂದು ಸ್ಕ್ರೂ ಹಾಕಿ ಕೂರುತ್ತದೆ. ಮೇಲಿನ ಭಾಗ ಲೆನ್ಸನ್ನೂ ಸೇರಿಸಿ ಮುಚ್ಚುತ್ತದೆ. ಹಿಂದಿನ ಪ್ರೆಸ್ ಬಟನ್ ಬಿಚ್ಚಿದರೆ ಈ ಮೇಲಿನ ಭಾಗ ಮುಂದಕ್ಕೆ ಬಿದ್ದು ಜೋತಾಡುತ್ತದೆ.

ಜೋತಾಡುವ ಆ ಮೂತಿಯೇ ದೊಡ್ಡ ಕಿರಿಕಿರಿ. ಕ್ಯಾಮೆರಾವನ್ನು ಉದ್ದುದ್ದಕ್ಕೆ ತಿರುಗಿಸಿದರೆ ಅದು ಬೆರಳಿಗೆ ಅಡ್ಡ ಬರುತ್ತದೆ. ಗಾಳಿ ಬೀಸಿದರೆ, ಕೆಳಗೆ ಬಾಗಿದರೆ ಲೆನ್ಸಿನ ಮುಂದಕ್ಕೆ ಬರುತ್ತದೆ. ಎಸ್‌ಎಲ್‌ಆರ್ (ಒಳಗಿನ ಕನ್ನಡಿಯಿಂದ ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾ) ಆದರೆ ವ್ಯೂಫೈಂಡರಿನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಕಿಟಕಿಯಲ್ಲಿ, ಅದು ಕಾಣುತ್ತದೆ, ಸರಿಸಿಕೊಳ್ಳಬಹುದು. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನೀವು ನೋಡುವುದು ಲೆನ್ಸಿನ ಮೂಲಕ ಅಲ್ಲ, ಪಕ್ಕದ ಬೇರೆ ಕಿಟಕಿಯಿಂದ. ಲೆನ್ಸಿಗೆ ತೊಗಲು ಅಡ್ಡ ಬಂದರೂ ನಿಮಗೆ ಎಲ್ಲ ಚೆನ್ನಾಗಿಯೇ ಕಾಣುತ್ತಿರುತ್ತದೆ. ಗೊತ್ತಾಗುವುದು ರೀಲು ತೊಳೆದು ಬಂದಾಗ. ಒಳ್ಳೆಯ ಸಂಗತಿ ಏನೆಂದರೆ, ಅನೇಕ ಎವರ್‌ರೆಡಿ ಕೇಸುಗಳಲ್ಲಿ ಮೇಲಿನ ಭಾಗವನ್ನು ಪೂರ್ತಿ ಬಿಡಿಸಿಡಲು ಬರುತ್ತದೆ. ಕೆಳಗೆ ಪಟ್ಟಿ ಸೇರುವ ಕಡೆ ಇನ್ನೊಂದು ಪ್ರೆಸ್ ಬಟನ್ ಇದೆಯಾ ನೋಡಿ.

ಎರಡನೆಯದು ಹಾಫ್ ಕೇಸ್. ತಳ, ಬದಿ ಮತ್ತು ಮುಂಭಾಗದ ಕೆಳಗಿನ ಅರ್ಧ ಮಾತ್ರ ಮುಚ್ಚುತ್ತದೆ. ಈಗ ಹೊಸದಾಗಿ ತಯಾರಾಗುವ ತೊಗಲಿನ ಕೇಸುಗಳಲ್ಲಿ ಇವೇ ಜಾಸ್ತಿ. ಮೂರನೆಯದು ಮೆತ್ತನೆಯ ಪೌಚ್ ಅಥವಾ ಸುತ್ತುವ ಬಟ್ಟೆ. ಕ್ಯಾಮೆರಾ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಅಷ್ಟೇ. ನೋಡಲು ಅಂದವಿಲ್ಲ, ಆದರೆ ಕೆಲಸಕ್ಕೆ ಇದೇ ಮೇಲು.

ಹಾಕುವ ಮೊದಲು ಹಳೆಯ ಕೇಸನ್ನು ಪರೀಕ್ಷೆ ಮಾಡಿ

ನಲವತ್ತು ಐವತ್ತು ವರ್ಷ ಹಳೆಯ ಕೇಸನ್ನು ನಂಬಿ ಕ್ಯಾಮೆರಾವನ್ನು ಕುತ್ತಿಗೆಗೆ ನೇತುಹಾಕುವ ಮೊದಲು ಐದು ನಿಮಿಷ ಕೊಡಿ.

ಕ್ಯಾಮೆರಾ ತೆಗೆದು ಪಕ್ಕಕ್ಕಿಡಿ. ಖಾಲಿ ಕೇಸನ್ನು ಮೂಗಿನ ಹತ್ತಿರ ಹಿಡಿಯಿರಿ. ಮುಗ್ಗಲು ವಾಸನೆ ಬಂದರೆ ಅಲ್ಲಿ ಬೂಸ್ಟು ಇದೆ, ಅಥವಾ ಇತ್ತು. ಕಣ್ಣಿಗೆ ಏನೂ ಕಾಣದಿದ್ದರೂ ಸರಿ, ಆ ಕೇಸಿಗೆ ಕ್ಯಾಮೆರಾ ಮರಳಿ ಹೋಗಬಾರದು.

ಆಮೇಲೆ ಪಟ್ಟಿ. ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಎಳೆಯಿರಿ, ಮಡಿಸಿ ನೋಡಿ. ಒಣಗಿದ ತೊಗಲು ಮಡಿಸಿದ ಕಡೆ ಸಣ್ಣದಾಗಿ ಬಿರುಕು ಬಿಡುತ್ತದೆ, ಕೆಂಪು ಪುಡಿ ಕೈಗೆ ಅಂಟುತ್ತದೆ. ಹೊಲಿಗೆಯ ದಾರವೂ ಅಷ್ಟೇ. ತೊಗಲು ಗಟ್ಟಿಯಾಗಿದ್ದು ದಾರ ಮಾತ್ರ ಪುಡಿಪುಡಿ ಆಗಿರುವುದು ತುಂಬಾ ಸಾಮಾನ್ಯ. ಪಟ್ಟಿ ಕೇಸಿಗೆ ಸೇರುವ ಜಾಗದ ಹೊಲಿಗೆಯನ್ನು ಉಗುರಿನಿಂದ ಕೆದಕಿ ನೋಡಿ. ಇಡೀ ಕ್ಯಾಮೆರಾದ ಭಾರ ನಿಲ್ಲುವುದು ಅಲ್ಲಿ. ಅನುಮಾನ ಬಂದರೆ ಆ ಪಟ್ಟಿಯಿಂದ ನೇತುಹಾಕಬೇಡಿ.

ಹಿತ್ತಾಳೆಯ ಬಟನ್, ರಿವೆಟ್ ಇದ್ದ ಕಡೆ ಹಸಿರು ಮೇಣದಂಥ ಪದಾರ್ಥ ಕಂಡರೆ ಅದು ಕಿಲುಬು. ತೊಗಲಿನ ಜಿಡ್ಡು ಹಿತ್ತಾಳೆಯ ಜೊತೆ ಸೇರಿ ಹಾಗಾಗುತ್ತದೆ. ಬೂಸ್ಟಿನ ಹಾಗೆ ಇದು ಹರಡುವುದಿಲ್ಲ. ಹಲ್ಲುಕಡ್ಡಿಯಿಂದ ಕೆರೆದು, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಆದರೆ ಕ್ಯಾಮೆರಾ ಮೈಗೆ ತಾಗುವ ಕಡೆ ಇದ್ದರೆ ಮೊದಲು ಪೂರ್ತಿ ತೆಗೆಯಿರಿ.

ಕೊನೆಗೆ ಒಳಗಿನ ಮೆತ್ತೆ. ಕೆಂಪು ವೆಲ್ವೆಟ್ ಇದ್ದರೆ ಚಿಂತೆ ಇಲ್ಲ, ಧೂಳು ಕೊಡವಿದರೆ ಸಾಕು. ಸ್ಪಂಜು ಇದ್ದರೆ ಎಚ್ಚರ. 1970, 80ರ ದಶಕದ ಪಾಲಿಯುರೆಥೇನ್ ಫೋಮ್ ತೇವಕ್ಕೆ ನಿಧಾನವಾಗಿ ಕರಗಿ ಕಪ್ಪು ಅಂಟಾಗುತ್ತದೆ. ನಿಮ್ಮ ಕ್ಯಾಮೆರಾದ ಹಿಂಬಾಗಿಲಿನಲ್ಲಿ ಬೆಳಕು ತಡೆಯುವ ಸ್ಪಂಜು ಪಟ್ಟಿ ಅಂಟಂಟಾಗಿದೆ ಅನ್ನುತ್ತಾರಲ್ಲ, ಅದೇ ಕಾಯಿಲೆ ಇದು. ಒಲಿಂಪಸ್ ಓಎಂ-1ರಲ್ಲಿ ಪ್ರಿಸಂ (ವ್ಯೂಫೈಂಡರಿಗೆ ಚಿತ್ರ ತಲುಪಿಸುವ ಗಾಜಿನ ತುಂಡು) ಸುತ್ತ ಇಟ್ಟಿರುವ ಇದೇ ಥರದ ಫೋಮ್ ಕೊಳೆತು ಪ್ರಿಸಂನ ಬೆಳ್ಳಿ ಲೇಪವನ್ನೇ ತಿಂದುಹಾಕುತ್ತದೆ. ಅಂಥದ್ದು ಕೇಸಿನೊಳಗಿಂದ ಲೆನ್ಸಿನ ಮೇಲೆ, ಶಟರ್ ಗುಂಡಿಯ ಸಂದಿಗೆ ಬೀಳುವುದು ಯಾರಿಗೆ ಬೇಕು? ಬೆರಳಿನಿಂದ ಒತ್ತಿ ನೋಡಿ. ಅಂಟಿದರೆ, ಪುಡಿಯಾದರೆ ಪೂರ್ತಿ ಕೆರೆದು ತೆಗೆಯಿರಿ, ಇಲ್ಲವೇ ಕೇಸನ್ನೇ ಬಿಡಿ. ತೊಗಲಿನ ಹಾಗೆ ಕಾಣುವ ಅಗ್ಗದ ಪ್ಲಾಸ್ಟಿಕ್ ಕೇಸುಗಳೂ ವಯಸ್ಸಾದಂತೆ ಜಿಗುಟಾಗುತ್ತವೆ. ಅದನ್ನು ತೊಳೆದು ಸರಿ ಮಾಡಲು ಹೋಗಬೇಡಿ, ಮತ್ತೆ ಜಿಗುಟಾಗುತ್ತದೆ.

ಕ್ಯಾಮೆರಾದ ತಳ ತಿರುಗಿಸಿ ನೋಡಿ

ಕೇಸ್ ಕೊಳ್ಳುವವರು ಮರೆಯುವ ಹೆಜ್ಜೆ ಇದು. ಫೋನಿನ ಕವರ್ ಹಾಗಲ್ಲ ಇದು. ಫಿಲಂ ಕ್ಯಾಮೆರಾದ ತಳದಲ್ಲಿ ಬೇಕಾದಷ್ಟು ಕೆಲಸದ ವಸ್ತುಗಳಿರುತ್ತವೆ. ಎಸ್‌ಎಲ್‌ಆರ್‌ಗಳಲ್ಲಿ ಬಹುಪಾಲು ರೀವೈಂಡ್ ಗುಂಡಿ, ಅಂದರೆ ಮುಗಿದ ರೀಲನ್ನು ಹಿಂದಕ್ಕೆ ಸುತ್ತುವ ಮೊದಲು ಒತ್ತುವ ಗುಂಡಿ, ಅಲ್ಲೇ. ಪೆಂಟಾಕ್ಸ್ ಕೆ1000, ಒಲಿಂಪಸ್ ಓಎಂ-1ರ ಹಾಗೆ ಬ್ಯಾಟರಿ ಮುಚ್ಚಳವೂ ಅಲ್ಲೇ. ರೀಲು ಮುಗಿದಾಗ ಪ್ರತಿ ಸಲ ಕೇಸ್ ಬಿಚ್ಚಬೇಕಾದರೆ ಮೂರನೆಯ ರೀಲಿಗೇ ನಿಮಗೆ ಸಾಕಾಗಿರುತ್ತದೆ.

ಕೆಲವು ಕ್ಯಾಮೆರಾಗಳು ಇನ್ನೂ ಹಟಮಾರಿ. ಲೈಕಾ ಎಂ3, ಎಂ6 ಥರದವುಗಳಲ್ಲಿ ತಳದ ತಗಡನ್ನೇ ಬಿಚ್ಚಿ ರೀಲು ಹಾಕಬೇಕು. 1959ರ ನಿಕಾನ್ ಎಫ್‌ನಲ್ಲಿ ತಳ ಮತ್ತು ಬೆನ್ನು ಒಟ್ಟಿಗೆ ಕಳಚಿ ಬರುತ್ತವೆ. ಇವಕ್ಕೆ ಹಾಫ್ ಕೇಸ್ ಹಾಕಿದರೆ ರೀಲು ಬದಲಿಸುವಾಗ ಕೈಯಲ್ಲಿ ಕ್ಯಾಮೆರಾ, ಕಂಕುಳಲ್ಲಿ ಕೇಸ್, ಬಾಯಲ್ಲಿ ತಳದ ತಗಡು. 1966ರಲ್ಲಿ ಬಂದ ಪುಟ್ಟ ರೋಲೈ 35ರಲ್ಲಂತೂ ರೀವೈಂಡ್ ಹಿಡಿ, ಫ್ಲ್ಯಾಶ್ ಹಾಕುವ ಜಾಗ, ಎಷ್ಟು ಫೋಟೋ ತೆಗೆದಾಯಿತು ಎಂದು ತೋರಿಸುವ ಕಿಟಕಿ ಎಲ್ಲ ತಳದಲ್ಲೇ. ಕೊಡಾಕ್ ರೆಟಿನಾ 3ಸಿಯಲ್ಲಿ ಫಿಲಂ ಮುಂದೆ ಸರಿಸುವ ಲಿವರೇ ಕೆಳಗಿದೆ! ಅಂಥ ಕ್ಯಾಮೆರಾಗೆ ಅದರದೇ ಅಳತೆಗೆ ತೂತು ಬಿಟ್ಟು ಮಾಡಿದ ಕೇಸ್ ಆಗಬೇಕು. 'ಎಲ್ಲ 35 ಎಂಎಂ ಕ್ಯಾಮೆರಾಗಳಿಗೂ ಆಗುತ್ತದೆ' ಅನ್ನುವ ಮಾತನ್ನು ನಂಬಬೇಡಿ.

ಹಾಗಾಗಿ ಹಾಫ್ ಕೇಸ್ ತೆಗೆದುಕೊಳ್ಳುವವರು ಹೀಗೆ ಮಾಡಿ. ಕ್ಯಾಮೆರಾದ ತಳದ ಒಂದು ಫೋಟೋ ತೆಗೆದು, ಕೇಸಿನ ತಳದ ಫೋಟೋ ಪಕ್ಕ ಇಟ್ಟು ಹೋಲಿಸಿ. ಬ್ಯಾಟರಿಗೆ ಕೈ ಹೋಗುತ್ತದಾ? ರೀವೈಂಡ್ ಗುಂಡಿಗೆ? ಕೇಸ್ ಹಾಕಿದ ಮೇಲೂ ಟ್ರೈಪಾಡಿಗೆ ಸ್ಕ್ರೂ ಹಾಕಲು ತೂತು ಇದೆಯಾ? ಹಿಂಬಾಗಿಲು ಪೂರ್ತಿ ತೆರೆಯುತ್ತದಾ? ನಾಲ್ಕಕ್ಕೂ ಹೌದು ಅಂತ ಬಂದರೆ ಕೊಳ್ಳಿ.

ಸ್ಕ್ರೂ ಬಗ್ಗೆ ಎರಡು ಮಾತು. ಈಗಿನ ಟ್ರೈಪಾಡ್ ತೂತು ಕಾಲಿಂಚಿನದು. ಯುರೋಪಿನ ಹಲವು ಹಳೆಯ ಕ್ಯಾಮೆರಾಗಳಲ್ಲಿ ಅದು 3/8 ಇಂಚು. ಒಂದರ ಕೇಸ್ ಇನ್ನೊಂದಕ್ಕೆ ಕೂರದಿದ್ದರೆ ಕಾರಣ ಇದೇ ಇರಬಹುದು. ಒಳಗೆ ಹಾಕುವ ಸಣ್ಣ ಹಿತ್ತಾಳೆ ಬಳೆಯಿಂದ ದೊಡ್ಡ ತೂತನ್ನು ಕಾಲಿಂಚಿಗೆ ತರಬಹುದು. ಬೇರೆ ಕ್ಯಾಮೆರಾದ ಕೇಸ್ ಹಾಕುವಾಗ ಸ್ಕ್ರೂ ಎಷ್ಟು ಉದ್ದ ಎಂದು ನೋಡಿ. ಉದ್ದ ಜಾಸ್ತಿಯಾಗಿ, ಅದನ್ನು ಬಲವಂತವಾಗಿ ತಿರುಗಿಸಿದರೆ ತೂತಿನ ತುದಿಗೆ ತಾಗಿ ಒಳಗಿನ ಭಾಗವನ್ನು ಒತ್ತುತ್ತದೆ, ಕೆಲವು ಸಲ ತಳದ ತಗಡೇ ಉಬ್ಬುತ್ತದೆ. ಬೆರಳಿನ ಬಲ ಸಾಕು. ನಾಣ್ಯ, ಸ್ಕ್ರೂಡ್ರೈವರ್ ಹಾಕಿ ಬಿಗಿಯಬೇಡಿ.

ಕೇಸ್ ಇಲ್ಲದೆ ಆಗುವುದೇ ಇಲ್ಲ ಅನ್ನುವ ಕ್ಯಾಮೆರಾಗಳು

ನಾನು ಎವರ್‌ರೆಡಿ ಕೇಸಿನ ಅಭಿಮಾನಿಯಲ್ಲ. ಆದರೂ ಕೆಲವು ಕ್ಯಾಮೆರಾಗಳಿಗೆ ಅದು ಬೇಕೇ ಬೇಕು. ಪಟ್ಟಿ ಹಾಕುವ ಕಿವಿಗಳೇ ಇಲ್ಲದ ಕ್ಯಾಮೆರಾಗಳಿವೆ. 1939ರಿಂದ 1966ರವರೆಗೆ ತಯಾರಾದ ಅಮೆರಿಕದ ಆರ್ಗಸ್ ಸಿ3, ಸೋವಿಯತ್ ಕಾಲದ ಜೆನಿತ್-ಇ ಇಂಥವು. ಇವುಗಳಲ್ಲಿ ಪಟ್ಟಿ ಇರುವುದು ಕೇಸಿಗೆ, ಕ್ಯಾಮೆರಾಗಲ್ಲ. ಕೇಸ್ ಬಿಟ್ಟರೆ ಕ್ಯಾಮೆರಾವನ್ನು ಇಡೀ ದಿನ ಕೈಯಲ್ಲೇ ಹಿಡಿದಿರಬೇಕು. ಹಳೆಯ ಕೇಸ್ ಹಾಳಾಗಿದ್ದರೆ ಟ್ರೈಪಾಡ್ ತೂತಿಗೆ ಹಾಕುವ, ಪಟ್ಟಿ ಕಟ್ಟುವ ಉಂಗುರ ಇರುವ ಸ್ಕ್ರೂ ಸಿಗುತ್ತದೆ. ಅದಕ್ಕೆ ಮಣಿಕಟ್ಟಿನ ಪಟ್ಟಿ ಕಟ್ಟಿಕೊಂಡರೆ ಕೇಸಿಲ್ಲದೆಯೂ ನಡೆಯುತ್ತದೆ. ಆದರೆ ಅಂಥ ಸ್ಕ್ರೂ ತನ್ನಷ್ಟಕ್ಕೆ ಸಡಿಲವಾಗುತ್ತದೆ. ಆಗಾಗ ಮುಟ್ಟಿ ನೋಡುತ್ತಿರಬೇಕು.

ಬಟ್ಟೆಯ ಶಟರ್ (ಫಿಲಂ ಮುಂದೆ ತೆರೆದು ಮುಚ್ಚುವ ಪರದೆ) ಇರುವ ರೇಂಜ್‌ಫೈಂಡರ್‌ಗಳದ್ದು ಇನ್ನೊಂದು ಕಥೆ. ಲೈಕಾ, ಫೆಡ್, ಜೋರ್ಕಿ ಇಂಥವುಗಳಲ್ಲಿ ಲೆನ್ಸಿಗೂ ಶಟರ್ ಪರದೆಗೂ ನಡುವೆ ಏನೂ ಇಲ್ಲ. ಎಸ್‌ಎಲ್‌ಆರ್‌ನಲ್ಲಿ ನಡುವೆ ಕನ್ನಡಿ ನಿಂತಿರುತ್ತದೆ, ಇಲ್ಲಿ ಅದೂ ಇಲ್ಲ. ಲೆನ್ಸು ತೆರೆದಿಟ್ಟು ಸೂರ್ಯನ ಕಡೆ ಮುಖ ಮಾಡಿ ಕುಳ್ಳಿರಿಸಿದರೆ ಬಿಸಿಲು ಪರದೆಯ ಮೇಲೆ ಒಂದು ಚುಕ್ಕೆಯಾಗಿ ಸೇರಿ ಸಣ್ಣ ತೂತು ಸುಡುತ್ತದೆ. ಆಮೇಲೆ ಪ್ರತಿ ಫೋಟೋದಲ್ಲೂ ಒಂದು ಬಿಳಿ ಚುಕ್ಕೆ. ಇಂಥ ಕ್ಯಾಮೆರಾವನ್ನು ಎದೆಯ ಮೇಲೆ ನೇತುಹಾಕಿಕೊಂಡು ಬಿಸಿಲಲ್ಲಿ ತಿರುಗುವಾಗ ಲೆನ್ಸ್ ಮುಚ್ಚಿರಬೇಕು. ಮುಚ್ಚುವ ಕೇಸೂ ಆಗುತ್ತದೆ, ಲೆನ್ಸ್ ಕ್ಯಾಪೂ ಆಗುತ್ತದೆ. ಕ್ಯಾಪ್ ತೆಗೆಯದೆ ಫೋಟೋ ತೆಗೆಯುವ ಭಯ ಇದ್ದರೆ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹೋಗುವ ಕಂಡಿ) ಪೂರ್ತಿ ಕಿರಿದು ಮಾಡಿ, ಫೋಕಸನ್ನು ಹತ್ತಿರಕ್ಕೆ ತಿರುಗಿಸಿಡಿ. ಅಪಾಯ ಬಹಳ ಕಡಿಮೆಯಾಗುತ್ತದೆ.

ಪೆಂಟಾಕ್ಸ್ ಕೆ1000 ಇರುವವರಿಗೆ ಒಂದು ಪುಟ್ಟ ಲಾಭ. ಬೆಳಕು ಅಳೆಯುವ ಇದರ ಮೀಟರಿಗೆ ಆನ್-ಆಫ್ ಸ್ವಿಚ್ಚೇ ಇಲ್ಲ. ಲೆನ್ಸಿಗೆ ಬೆಳಕು ಬೀಳುತ್ತಿರುವಷ್ಟು ಹೊತ್ತು ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಕ್ಯಾಪ್ ಹಾಕಿದರೆ, ಅಥವಾ ಮುಚ್ಚಿದ ಕೇಸಿನಲ್ಲಿಟ್ಟರೆ ಮೀಟರ್ ಹೆಚ್ಚುಕಡಿಮೆ ನಿದ್ದೆ ಹೋಗುತ್ತದೆ.

ಇದಕ್ಕೆ ತದ್ವಿರುದ್ಧ ನಿಕಾನ್ ಎಫ್‌ಎಂ, ಎಫ್‌ಇ. ಇವುಗಳಲ್ಲಿ ಫಿಲಂ ಲಿವರನ್ನು ಸ್ವಲ್ಪ ಹೊರಕ್ಕೆ ಎಳೆದರೆ ಮೀಟರ್ ಆನ್. ಲಿವರ್ ಒಳಗೆ ಒತ್ತದೆ ಹಾಗೇ ಬ್ಯಾಗಿಗೆ ಹಾಕಿದರೆ ಕತ್ತಲಲ್ಲೂ ಬ್ಯಾಟರಿ ಮುಗಿಯುತ್ತದೆ. ಎಲೆಕ್ಟ್ರಾನಿಕ್ ಕ್ಯಾಮೆರಾಗಳಲ್ಲಿ ಬಿಗಿಯಾದ ಕೇಸ್ ಶಟರ್ ಗುಂಡಿಯನ್ನು ಅರ್ಧ ಒತ್ತಿ ಹಿಡಿದಿರುವುದೂ ಉಂಟು. ಕೇಸಿಗೆ ಹಾಕಿದ ಮೇಲೆ ಗುಂಡಿಯ ಮೇಲೆ ತೊಗಲು ಕೂತಿದೆಯಾ ನೋಡಿ, ಲಾಕ್ ಇದ್ದರೆ ಹಾಕಿ.

ಕೇಸೇ ಬೇಡದ ಕ್ಯಾಮೆರಾಗಳೂ ಇವೆ. 1979ರ ಒಲಿಂಪಸ್ ಎಕ್ಸ್‌ಎ ಅಂಥದ್ದು. ಅದನ್ನು ರೂಪಿಸಿದ ಯೋಶಿಹಿಸಾ ಮೈತಾನಿ ಕೇಸೂ ಬೇಡ, ಕ್ಯಾಪೂ ಬೇಡ ಅಂತಲೇ ಜಾರುವ ಮುಚ್ಚಳ ಇಟ್ಟರು. ಆಮೇಲೆ ಬಂದ ಒಲಿಂಪಸ್ ಮ್ಯೂ, ಮ್ಯೂ-2 ಕೂಡ ಅದೇ ದಾರಿ ಹಿಡಿದವು. ತಿದಿಯ ಹಾಗೆ ಮಡಚುವ ಬೆಲ್ಲೋಸ್ ಕ್ಯಾಮೆರಾಗಳಲ್ಲಿ ಮುಚ್ಚಿದಾಗ ಮೈಯೇ ಕೇಸು. ಇಂಥವಕ್ಕೆ ಗೀರು ಬೀಳದ ಹಾಗೆ ತೆಳು ಬಟ್ಟೆಯ ಚೀಲ ಸಾಕು. ಇದರ ಮೇಲೆ ಗಟ್ಟಿ ಕೇಸ್ ಹಾಕುವುದು ಸುಮ್ನೆ ಭಾರ.

ಏಟು ಬೀಳುವುದು ಎಲ್ಲಿ?

ಹಾಫ್ ಕೇಸ್ ಮಾರುವವರು 'ರಕ್ಷಣೆ' ಅನ್ನುತ್ತಾರೆ. ಹಳೆಯ ಕ್ಯಾಮೆರಾಗಳ ಗಾಯಗಳನ್ನು ನೋಡಿ. ಲೆನ್ಸಿನ ಮುಂದಿನ ಫಿಲ್ಟರ್ ಉಂಗುರ ನೆಗ್ಗಿರುತ್ತದೆ. ಮೇಲಿನ ತಗಡಿನ ಮೂಲೆ, ಪ್ರಿಸಂನ ತುದಿ ನೆಗ್ಗಿರುತ್ತದೆ. ರೀವೈಂಡ್ ಹಿಡಿ ಬಾಗಿರುತ್ತದೆ. ಈ ಯಾವುದನ್ನೂ ಹಾಫ್ ಕೇಸ್ ಮುಚ್ಚುವುದಿಲ್ಲ. ಅದು ಮುಚ್ಚುವ ತಳ ಕ್ಯಾಮೆರಾದಲ್ಲೇ ಗಟ್ಟಿಯಾದ ಭಾಗಗಳಲ್ಲೊಂದು. ರೇಂಜ್‌ಫೈಂಡರ್ ಅಳತೆ ತಪ್ಪುವುದು, ಎಸ್‌ಎಲ್‌ಆರ್ ಕನ್ನಡಿ ಜರುಗುವುದು ಆಗುವುದು ಬಿದ್ದಾಗಿನ ಅದುರಿನಿಂದ. ಎರಡು ಮಿಲಿಮೀಟರ್ ತೊಗಲು ಆ ಅದುರನ್ನು ಹೆಚ್ಚೇನೂ ತಡೆಯುವುದಿಲ್ಲ.

ಹಾಗಾದರೆ ಹಾಫ್ ಕೇಸ್ ದಂಡವಾ? ಹಾಗೇನಿಲ್ಲ. ತಳಕ್ಕೆ ಗೀರು ಬೀಳುವುದಿಲ್ಲ. ತೆಳ್ಳಗಿನ ಕ್ಯಾಮೆರಾ ಸ್ವಲ್ಪ ದಪ್ಪವಾಗಿ ಕೈಗೆ ಚೆನ್ನಾಗಿ ಸಿಗುತ್ತದೆ, ದೊಡ್ಡ ಕೈಯವರಿಗೆ ಇದು ನಿಜಕ್ಕೂ ಹಿತ. ಚಳಿಯಲ್ಲಿ ಲೋಹ ಮುಟ್ಟುವ ಕಷ್ಟ ತಪ್ಪುತ್ತದೆ. ನೋಡಲೂ ಚೆಂದ, ಅದೂ ಒಂದು ಕಾರಣವೇ, ನಾಚಿಕೊಳ್ಳಬೇಕಾಗಿಲ್ಲ. ಹಿಡಿತಕ್ಕಾಗಿ ಕೊಳ್ಳಿ. ಬಿದ್ದರೆ ಕಾಪಾಡುತ್ತದೆ ಅಂತ ಮಾತ್ರ ಕೊಳ್ಳಬೇಡಿ. ಆಗಾಗ ಬಿಚ್ಚಿ ಒಳಗಡೆ ಒರೆಸಿ. ಕೇಸಿಗೂ ಕ್ಯಾಮೆರಾಗೂ ನಡುವೆ ಸೇರಿಕೊಂಡ ಮರಳಿನ ಕಣ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಕಪ್ಪು ಬಣ್ಣದ ಮೈಯಲ್ಲಿ ಮೂಲೆ ಸವೆದು ಹಿತ್ತಾಳೆ ಕಾಣುವುದಕ್ಕೆ ಇದೂ ಒಂದು ಕಾರಣ. ಕೆಲವರಿಗೆ ಆ ಸವೆತವೇ ಇಷ್ಟ, ಅದು ಬೇರೆ ವಿಷಯ.

ದುಡ್ಡು ಹಾಕುವುದಾದರೆ ನಾನು ಹೇಳುವ ಸರದಿ ಹೀಗೆ. ಮೊದಲು ಗಟ್ಟಿಯಾದ ಪಟ್ಟಿ. ಕ್ಯಾಮೆರಾ ಬೀಳದಿದ್ದರೆ ಕೇಸಿನ ಮಾತೇ ಇಲ್ಲ. ಪಟ್ಟಿಯ ತುದಿಯ ಕಬ್ಬಿಣದ ಉಂಗುರಗಳನ್ನು ನೋಡಿ. ಸವೆದು ತೆಳ್ಳಗಾಗಿದ್ದರೆ, ಬಾಯಿ ಬಿಟ್ಟಿದ್ದರೆ ಬದಲಿಸಿ. ಎರಡನೆಯದು ಲೆನ್ಸ್ ಹುಡ್ (ಲೆನ್ಸಿನ ಮುಂದೆ ಹಾಕುವ ಕೊಳವೆಯಂಥ ಮರೆ), ಆದಷ್ಟೂ ಲೋಹದ್ದು ಅಥವಾ ರಬ್ಬರಿನದು. ಗೋಡೆಗೆ, ಬಾಗಿಲಿಗೆ ತಾಗಿದಾಗ ಮೊದಲ ಏಟು ಅದಕ್ಕೆ ಬೀಳುತ್ತದೆ. ಫೋಟೋಗೂ ಒಳ್ಳೆಯದು. ಮೂರನೆಯದು ಮೆತ್ತನೆಯ ಚೀಲ. ಹಾಫ್ ಕೇಸ್ ಆಮೇಲೆ.

ಬೇಕಲೈಟ್ (ಹಳೆಯ ಕಾಲದ ಗಡುಸು ಪ್ಲಾಸ್ಟಿಕ್) ಮೈಯ ಹಳೆಯ ಕ್ಯಾಮೆರಾಗಳ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಜೋಪಾನ. ಲೋಹ ನೆಗ್ಗುತ್ತದೆ, ಬೇಕಲೈಟ್ ಒಡೆಯುತ್ತದೆ. ನೆಗ್ಗಿದ್ದನ್ನು ಸರಿಮಾಡಬಹುದು. ಇವಕ್ಕೆ ದಪ್ಪ ಮೆತ್ತೆಯ ಚೀಲ ಇಲ್ಲದೆ ಹೊರಗೆ ಒಯ್ಯಬೇಡಿ.

ದಾರಿಯಲ್ಲಿ

ಇಲ್ಲಿ ಕೇಸಿಗೆ ನಿಜವಾದ ಕೆಲಸ ಇದೆ. ಬ್ಯಾಗಿನಲ್ಲಿ ಬೀಗದ ಕೈ, ನೀರಿನ ಬಾಟಲಿ, ಚಾರ್ಜರ್ ಜೊತೆ ಕ್ಯಾಮೆರಾ ಹಾಗೇ ಉರುಳಾಡಬಾರದು. ಮಾಮೂಲಿ ಬ್ಯಾಗಿನೊಳಗೆ ಇಡುವ ಮೆತ್ತೆ ಹಾಕಿದ ಗೂಡು ಸಿಗುತ್ತದೆ, ಅದು ಎಲ್ಲಕ್ಕಿಂತ ಅನುಕೂಲ. ಬ್ಯಾಗ್ ಬದಲಾದರೆ ಗೂಡನ್ನು ಎತ್ತಿ ಇನ್ನೊಂದಕ್ಕೆ ಇಟ್ಟರಾಯಿತು. ಇಲ್ಲದಿದ್ದರೆ ದಪ್ಪ ಹತ್ತಿ ಬಟ್ಟೆಯಲ್ಲಿ ಸುತ್ತಿ, ಲೆನ್ಸ್ ಮೇಲ್ಮುಖವಾಗಿ ಇರುವ ಹಾಗೆ ಇಡಿ. ಲೆನ್ಸ್ ಉದ್ದವಾಗಿದ್ದರೆ ಬಿಡಿಸಿ ಬೇರೆ ಇಡುವುದು ಒಳ್ಳೆಯದು. ಉದ್ದ ಲೆನ್ಸಿಗೆ ತಾಗಿದ ಏಟು ಮೌಂಟಿನ ಮೇಲೆ, ಅಂದರೆ ಲೆನ್ಸು ಕ್ಯಾಮೆರಾಗೆ ಸೇರುವ ಜಾಗದ ಮೇಲೆ, ಬೀಳುತ್ತದೆ. ಗಟ್ಟಿ ಎವರ್‌ರೆಡಿ ಕೇಸನ್ನು ಮೆತ್ತೆಯ ಬ್ಯಾಗಿನಲ್ಲಿ ಇಡುವ ಅಗತ್ಯ ಇಲ್ಲ. ಎರಡು ಪಟ್ಟು ಜಾಗ ತಿನ್ನುತ್ತದೆ, ಲಾಭ ಅಷ್ಟಕ್ಕಷ್ಟೇ.

ಬಿಸಿಲಲ್ಲಿ ನಿಂತ ಕಾರಿನೊಳಗೆ ಎಂಥ ಕೇಸ್ ಇದ್ದರೂ ಕ್ಯಾಮೆರಾ ಬಿಡಬೇಡಿ. ಕೇಸ್ ಬಿಸಿಯನ್ನು ಸ್ವಲ್ಪ ಹೊತ್ತು ಮುಂದೂಡಬಹುದು, ತಡೆಯಲಾರದು. ಬಿಸಿಗೆ ಲೆನ್ಸಿನೊಳಗಿನ ಗ್ರೀಸ್ ತೆಳುವಾಗಿ ಅಪರ್ಚರ್ ಎಲೆಗಳ ಮೇಲೆ ಹರಿಯುತ್ತದೆ. ಎಲೆಗಳು ಅಂಟಿಕೊಂಡು ನಿಧಾನವಾಗುತ್ತವೆ. ಒಳಗಿನ ರೀಲಿನ ಬಣ್ಣವೂ ಕೆಡುತ್ತದೆ.

ವಿಮಾನ ಪ್ರಯಾಣ ಮಾಡುವವರಿಗೆ: ತೊಗಲು, ಬಟ್ಟೆ, ಪ್ಲಾಸ್ಟಿಕ್ ಯಾವ ಕೇಸೂ ಎಕ್ಸ್-ರೇಯನ್ನು ತಡೆಯುವುದಿಲ್ಲ. ಒಳಗೆ ರೀಲು ಇದ್ದರೆ ಕ್ಯಾಮೆರಾವನ್ನು ಲಗೇಜಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಂಡು, ಕೈಯಿಂದ ಪರೀಕ್ಷೆ ಮಾಡಿ ಎಂದು ವಿನಂತಿಸಿ. ಆಗ ಕೇಸಿನಿಂದ ಬೇಗ ಹೊರತೆಗೆಯಲು ಬಂದರೆ ಎಲ್ಲರಿಗೂ ಸುಲಭ.

ಮಳೆಗೆ ತೊಗಲಿನ ಕೇಸ್ ನಂಬಬೇಡಿ. ಅದು ನೀರನ್ನು ಹೀರಿಕೊಂಡು ಗಂಟೆಗಟ್ಟಲೆ ಕ್ಯಾಮೆರಾ ಮೈಗೆ ಒತ್ತಿ ಹಿಡಿದಿರುತ್ತದೆ. ನೆನೆದ ಕೇಸಿನಿಂದ ಕ್ಯಾಮೆರಾವನ್ನು ಕೂಡಲೇ ಹೊರಗೆ ತೆಗೆದು ಒರೆಸಿ. ಕೇಸನ್ನು ನೆರಳಲ್ಲಿ, ಬಾಯಿ ತೆರೆದು ಒಣಗಿಸಿ. ಬಿಸಿಲಿಗೋ ಹೇರ್ ಡ್ರೈಯರಿಗೋ ಹಿಡಿದರೆ ತೊಗಲು ಸೆಟೆದು ಮತ್ತೆ ಕ್ಯಾಮೆರಾಗೆ ಕೂರುವುದೇ ಇಲ್ಲ. ಮಳೆಗೆ ಒಂದು ಮಾಮೂಲಿ ಜಿಪ್ ಪ್ಲಾಸ್ಟಿಕ್ ಚೀಲ ಸಾಕು. ಅದೇ ಚೀಲ ಚಳಿಯಲ್ಲೂ ಉಪಯೋಗಕ್ಕೆ ಬರುತ್ತದೆ. ತುಂಬಾ ತಣ್ಣಗಿನ ಜಾಗದಿಂದ ಬೆಚ್ಚಗಿನ ಕೋಣೆಗೆ ಬರುವ ಮೊದಲೇ ಕ್ಯಾಮೆರಾವನ್ನು ಅದರೊಳಗೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಹನಿಗಳು ಚೀಲದ ಹೊರಗೆ ಕಟ್ಟುತ್ತವೆ, ಲೆನ್ಸಿನ ಮೇಲಲ್ಲ. ಕ್ಯಾಮೆರಾ ಕೋಣೆಯಷ್ಟೇ ಬೆಚ್ಚಗಾದ ಮೇಲೆ ತೆರೆಯಿರಿ.

ಕಪಾಟಿನಲ್ಲಿ: ಕೇಸ್ ಒಂದು ಕಡೆ, ಕ್ಯಾಮೆರಾ ಇನ್ನೊಂದು ಕಡೆ

ಬಿದ್ದು ಹಾಳಾದ ಲೆನ್ಸಿಗಿಂತ ಕೇಸಿನೊಳಗೆ ಸುಮ್ಮನೆ ಕೂತು ಹಾಳಾದ ಲೆನ್ಸುಗಳೇ ಜಾಸ್ತಿ ಕಣ್ಣಿಗೆ ಬೀಳುತ್ತವೆ. ಕಾರಣ ಫಂಗಸ್. ಅದಕ್ಕೆ ಬೇಕಾದದ್ದು ಕತ್ತಲೆ, ತೇವ, ಅಲುಗಾಡದ ಗಾಳಿ, ತಿನ್ನಲು ಸ್ವಲ್ಪ ಏನಾದರೂ. ಮುಚ್ಚಿದ ತೊಗಲಿನ ಕೇಸ್ ಈ ನಾಲ್ಕನ್ನೂ ಒಂದೇ ಕಡೆ ಕೊಡುತ್ತದೆ. ತೊಗಲು ಗಾಳಿಯ ತೇವವನ್ನು ಹೀರಿ ಇಟ್ಟುಕೊಳ್ಳುತ್ತದೆ, ತಾನೇ ಬೂಸ್ಟಿಗೆ ಊಟವೂ ಆಗುತ್ತದೆ. ಅಲ್ಲಿಂದ ಬೀಜಕಣಗಳು ಲೆನ್ಸಿಗೆ ದಾಟುತ್ತವೆ. ಶುರುವಿಗೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಆ ಹಂತದಲ್ಲಿ ಬಿಚ್ಚಿ ಒರೆಸಿದರೆ ಹೋಗಬಹುದು. ಹಾಗೇ ಬಿಟ್ಟರೆ ಅದು ಬಿಡುವ ಆಮ್ಲ ಲೆನ್ಸಿನ ಕೋಟಿಂಗನ್ನು, ಕೊನೆಗೆ ಗಾಜನ್ನೂ ಕೊರೆಯುತ್ತದೆ. ಆಮೇಲೆ ಯಾರೂ ಏನೂ ಮಾಡುವ ಹಾಗಿಲ್ಲ.

ಗಾಳಿಯ ತೇವ 60 ಶೇಕಡಕ್ಕಿಂತ ಮೇಲೆ ಬಹಳ ದಿನ ಇದ್ದರೆ ಫಂಗಸ್ ಭಯ ಶುರು. 40ರಿಂದ 50ರ ನಡುವೆ ಇಟ್ಟರೆ ಒಳ್ಳೆಯದು. ತೀರಾ ಒಣಗಿಸುವುದೂ ಬೇಡ, ಕ್ಯಾಮೆರಾ ಮೇಲಿನ ತೊಗಲು ಸಿಪ್ಪೆ ಏಳುತ್ತದೆ. ಡ್ರೈ ಕ್ಯಾಬಿನೆಟ್ (ಒಳಗಿನ ತೇವವನ್ನು ಹತೋಟಿಯಲ್ಲಿಡುವ ಪೆಟ್ಟಿಗೆ) ಇದ್ದರೆ ಕ್ಯಾಮೆರಾವನ್ನು ಬರಿಮೈಯಲ್ಲಿ ಅದರೊಳಗೆ ಇಡಿ, ಹಾಫ್ ಕೇಸ್ ಕೂಡ ಬಿಚ್ಚಿ. ಇಲ್ಲದವರು ಗಾಳಿ ಆಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಂದಿಷ್ಟು ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ಇಟ್ಟುಕೊಂಡರೆ ಅದೇ ಕೆಲಸ ಆಗುತ್ತದೆ. ಬಣ್ಣ ಬದಲಿಸುವ ಜೆಲ್ ತೆಗೆದುಕೊಳ್ಳಿ; ತೇವ ತುಂಬಿದಾಗ ಗೊತ್ತಾಗುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್‌ನಲ್ಲಿ ಕೋಬಾಲ್ಟ್ ಉಪ್ಪು ಇರುತ್ತದೆ, ಅದು ವಿಷ. ಕಿತ್ತಳೆ ಬಣ್ಣದ್ದು ಮೇಲು. ಜೆಲ್ ಪುಡಿ ಕ್ಯಾಮೆರಾಗೆ ತಾಗದ ಹಾಗೆ ಬಟ್ಟೆಯ ಸಣ್ಣ ಚೀಲದಲ್ಲಿರಲಿ. ನುಸಿಗುಳಿಗೆ ಹಾಕಬೇಡಿ. ಅದರ ಆವಿ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ.

ಒಳಗಿಡುವ ಮೊದಲು ಬ್ಯಾಟರಿ ತೆಗೆಯಿರಿ. ಕೇಸಿನೊಳಗೆ ವರ್ಷಗಟ್ಟಲೆ ಮರೆತ ಕ್ಯಾಮೆರಾಗಳಲ್ಲಿ ಬ್ಯಾಟರಿ ಸೋರಿ ತಳದ ಮುಚ್ಚಳವೇ ಹಿಡಿದುಕೊಂಡಿರುತ್ತದೆ. ತಳ ಮುಚ್ಚಿಕೊಂಡಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ. ಫಿಲಂ ಲಿವರ್ ಎಳೆದು ಶಟರನ್ನು ಸಜ್ಜಾಗಿಸಿಟ್ಟಿದ್ದರೆ ಗುಂಡಿಯನ್ನು ಒಮ್ಮೆ ಒತ್ತಿ ಬಿಡಿ. ಒಳಗೆ ರೀಲು ಇದ್ದರೆ ಅದು ಯಾವುದು ಎಂದು ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಬೆನ್ನಿನ ಮೇಲಿನ ಚೀಟಿ ಸಿಕ್ಕಿಸುವ ಚೌಕಟ್ಟನ್ನು ಕೇಸ್ ಮುಚ್ಚಿಬಿಟ್ಟಿರುತ್ತದೆ, ಆರು ತಿಂಗಳ ನಂತರ ಒಳಗೆ ರೀಲಿದೆ ಅನ್ನುವುದೇ ಮರೆತು ಹಿಂಬಾಗಿಲು ತೆರೆಯುವವರು ಕಡಿಮೆ ಏನಿಲ್ಲ.

ಖಾಲಿ ಕೇಸನ್ನು ಎಸೆಯಬೇಕಾಗಿಲ್ಲ. ಕ್ಯಾಮೆರಾದ ಅಳತೆಗೆ ಮಾಡಿದ ಮೂಲ ಕೇಸ್ ಇದ್ದರೆ ಮುಂದೆ ಕೊಳ್ಳುವವರಿಗೆ ಅದು ಬೇಕಾಗುತ್ತದೆ. ಒಳಗೆ ಬಿಳಿ ಕಾಗದ ತುರುಕಿ, ಆಕಾರ ಕೆಡದ ಹಾಗೆ, ಗಾಳಿ ಆಡುವ ಬೇರೆ ಕಪಾಟಿನಲ್ಲಿಡಿ. ತೊಗಲಿಗೆ ಎಣ್ಣೆ, ಕ್ರೀಮು ಹಚ್ಚುವ ಆಸೆ ಇದ್ದರೆ ಹೊರಗೆ ಮಾತ್ರ, ತೀರಾ ಸ್ವಲ್ಪ. ಹಚ್ಚಿ ಎರಡು ಮೂರು ದಿನ ಬಿಟ್ಟು, ಒಣ ಬಟ್ಟೆಯಲ್ಲಿ ಉಜ್ಜಿ, ಬೆರಳಿಗೆ ಜಿಡ್ಡು ತಾಗುವುದಿಲ್ಲ ಅಂತಾದ ಮೇಲೆ ಕ್ಯಾಮೆರಾ ಹಾಕಿ.

ಇನ್ನೊಂದು ಸಣ್ಣ ಮಾತು. ಕೇಸ್ ಹಾಕಿದಾಗ ಸರಿಯಾಗಿ ಬರುತ್ತಿದ್ದ ಫೋಟೋಗಳಲ್ಲಿ, ಕೇಸ್ ತೆಗೆದ ಮೇಲೆ ಅಂಚಿಗೆ ಕಿತ್ತಳೆ ಅಥವಾ ಬಿಳಿ ಪಟ್ಟೆ ಕಾಣಿಸಿಕೊಂಡರೆ ಗಾಬರಿಯಾಗಬೇಡಿ. ಹಿಂಬಾಗಿಲಿನ ಸ್ಪಂಜು ಪಟ್ಟಿ ಮೊದಲೇ ಕೊಳೆತಿತ್ತು. ತೊಗಲು ಬಾಗಿಲಿನ ಸಂದಿಯನ್ನು ಮುಚ್ಚಿ ಇಷ್ಟು ದಿನ ಬೆಳಕನ್ನು ತಡೆದಿತ್ತು. ಕೇಸನ್ನು ಮತ್ತೆ ಹಾಕುವುದು ಪರಿಹಾರ ಅಲ್ಲ. ಹಳೆಯ ಅಂಟನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ ಮರದ ಕಡ್ಡಿಯಿಂದ ಕೆರೆದು, ಹೊಸ ಫೋಮ್ ಪಟ್ಟಿ ಅಂಟಿಸಿ. ಶಟರ್ ಪರದೆಯ ಮೇಲೆ ಚೂರುಗಳು ಬೀಳದ ಹಾಗೆ ಮಾತ್ರ ನೋಡಿಕೊಳ್ಳಿ.